ತಲೆಯೂ ದಾಟಬೇಕು, ಕತ್ತಿಗೂ ಅಂಟಬೇಕು: ಕೌಲ್‌ಗೆ ಎಷ್ಟು ಸ್ಟಿಚ್ ಹಾಕೋದು?

ಉಲ್ಲನ್‌ಉಂಡೆ ಕೇಳುತ್ತಾರೆ:

ಅಕ್ಕನಿಗೆ ಒಂದು ಕೌಲ್, ಅಂದರೆ ಕತ್ತಿಗೆ ಹಾಕಿಕೊಳ್ಳುವ ಉಣ್ಣೆಯ ಕೊಳವೆ, ಹೆಣೆಯುತ್ತಿದ್ದೇನೆ. ಅವಳು ಬೆಳಗ್ಗೆ ಬೇಗ ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋಗುವವಳು. ಮಫ್ಲರ್ ಸುತ್ತಿಕೊಂಡರೆ ತುದಿ ಬಿಚ್ಚಿಕೊಂಡು ಗಾಳಿಗೆ ಹಾರುತ್ತದೆ, ಚಕ್ರಕ್ಕೆ ಸಿಕ್ಕಿಕೊಳ್ಳುವ ಭಯ ಬೇರೆ. ಅದಕ್ಕೇ ತುದಿಯೇ ಇಲ್ಲದ ಕೌಲ್. ತಲೆಯಿಂದ ಇಳಿಸಿಕೊಂಡರೆ ಮುಗಿಯಿತು. ತೋಳಿಲ್ಲ, ಕಂಕುಳಿಲ್ಲ, ಗುಂಡಿ ಪಟ್ಟಿ ಇಲ್ಲ, ಹೊಸಬರಿಗೆ ಇದಕ್ಕಿಂತ ಸುಲಭದ್ದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೆಣಿಗೆ ಸುಲಭವೇ. ಅಳತೆ ಮಾತ್ರ ಕೈಗೆ ಸಿಗುತ್ತಿಲ್ಲ.

ವಿವರ ಹೇಳುತ್ತೇನೆ. ಅಕ್ಕನ ತಲೆಯ ಸುತ್ತಳತೆ 56 ಸೆಂ.ಮೀ. ಕತ್ತು 34. ದಾರ ಡಿಕೆ (ತೀರಾ ತೆಳುವೂ ಅಲ್ಲ, ತೀರಾ ದಪ್ಪವೂ ಅಲ್ಲ) ದಪ್ಪದ್ದು, ಪೂರ್ತಿ ಉಣ್ಣೆ, ಲೇಬಲ್ ಮೇಲೆ ಸೂಪರ್‌ವಾಷ್ ಅಂತ ಇದೆ. ಕಡ್ಡಿ 4 ಎಂ.ಎಂ., 40 ಸೆಂ.ಮೀ. ಉದ್ದದ ಸರ್ಕ್ಯುಲರ್ (ಎರಡು ತುದಿಗಳ ನಡುವೆ ಬಾಗುವ ತಂತಿ ಇರುವ ಕಡ್ಡಿ).

ಮೊದಲು ಪೂರ್ತಿ ಸೀದಾ ಹೆಣಿಗೆಯಲ್ಲಿ ಮಾಡಿದೆ. ಲೇಬಲ್ ಪ್ರಕಾರ 10 ಸೆಂ.ಮೀ.ಗೆ 22 ಸ್ಟಿಚ್. ನಾನು ಹೆಣೆದ ಸ್ಯಾಂಪಲ್ ತುಂಡಿನಲ್ಲೂ ಸರಿಯಾಗಿ 22 ಬಂತು. 56 ಸೆಂ.ಮೀ.ಗೆ ಲೆಕ್ಕ ಹಾಕಿ 124 ಸ್ಟಿಚ್ ಹಾಕಿದೆ. ಹೆಣೆದು, ಮುಚ್ಚಿ, ತೊಳೆದು, ಒಣಗಿಸಿ ಅಳೆದರೆ 62! ಅಕ್ಕ ಹಾಕಿಕೊಂಡಳು. ಕತ್ತಿನ ಸುತ್ತ ಬಾವಿ ಕಟ್ಟೆ ನಿಂತ ಹಾಗೆ ನಿಂತಿತು. ಸ್ಕೂಟರ್ ಮೇಲೆ ಗಾಳಿ ನೇರ ಒಳಗೇ ಇಳಿಯುತ್ತದೆ ಅಂತ ಅವಳ ದೂರು.

ಆಮೇಲೆ ಎರಡು ಸೀದಾ, ಎರಡು ಉಲ್ಟಾ ರಿಬ್‌ನಲ್ಲಿ (ಉದ್ದುದ್ದ ಗೆರೆಗಳು ಬರುವ ಹೆಣಿಗೆ) 100 ಸ್ಟಿಚ್ ಹಾಕಿ ಇನ್ನೊಂದು ಹೆಣೆದೆ. ತೊಳೆದ ಮೇಲೆ ಸುಮ್ನೆ ಮೇಜಿನ ಮೇಲಿಟ್ಟರೆ 36 ಸೆಂ.ಮೀ. ನೋಡಲು ತುಂಬಾ ಚೆನ್ನಾಗಿದೆ, ಕತ್ತಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಹಾಕಿಕೊಳ್ಳುವುದೇ ಕಷ್ಟ. ಕನ್ನಡಕ ತೆಗೆಯಬೇಕು, ಜುಟ್ಟು ಬಿಚ್ಚಬೇಕು, ಕಿವಿ ಕೆಂಪಾಗುತ್ತದೆ.

ಈಗ ಕೇಳೋದು ಇಷ್ಟೇ. 100ಕ್ಕೂ 124ಕ್ಕೂ ನಡುವೆ ಯಾವ ಸಂಖ್ಯೆ ಹಿಡಿಯಲಿ? 112 ಹಾಕಿದರೆ ಸರಿಹೋಗುತ್ತಾ?

---

ಕಡ್ಡಿಜೋಡಿ:

124 ಸ್ಟಿಚ್ಚೇ ಇಟ್ಟುಕೊಂಡು 3.5 ಎಂ.ಎಂ. ಕಡ್ಡಿಯಲ್ಲಿ ಹೆಣೆಯಿರಿ. ತಾನಾಗೇ ಚಿಕ್ಕದಾಗುತ್ತದೆ. ಲೆಕ್ಕದ ತಲೆನೋವೇ ಬೇಡ.

---

ನೂಲೆಳೆ:

ಕಡ್ಡಿಜೋಡಿಯವರು ಹೇಳಿದ ಹಾಗೆ ಮಾಡಿದರೆ ಚಿಕ್ಕದೇನೋ ಆಗುತ್ತದೆ, ಆದರೆ ಬಟ್ಟೆ ಬಿಗಿದುಕೊಳ್ಳುತ್ತದೆ. ಕೌಲ್ ಮೆತ್ತಗೆ ಬಿದ್ದುಕೊಂಡರೆ ಚೆಂದ. ಬಿಗಿ ಹೆಣಿಗೆ ಕತ್ತಿನ ಸುತ್ತ ರಟ್ಟಿನ ಥರ ಸೆಟೆದು ನಿಲ್ಲುತ್ತದೆ. ಅಲ್ಲದೆ ಸೀದಾ ಹೆಣಿಗೆಯ ಕೊಳವೆಯನ್ನು 56ಕ್ಕೆ ತಂದರೂ ಕತ್ತಿನ ಹತ್ತಿರ 22 ಸೆಂ.ಮೀ. ಸಡಿಲ ಹಾಗೇ ಉಳಿಯುತ್ತದಲ್ಲ. ಗಾಳಿ ಒಳಗೆ ಬರುತ್ತಿರೋದೇ ಅಲ್ಲಿಂದ.

ಉಲ್ಲನ್‌ಉಂಡೆ, ನಿಮ್ಮ ಪ್ರಶ್ನೆಗೆ ನೇರ ಉತ್ತರ: 112 ಬೇಡ. ನಿಮ್ಮ 100 ಸರಿಯಾಗೇ ಇರಬೇಕು ಅಂತ ನನ್ನ ಅನುಮಾನ. ಸಂಖ್ಯೆ ಬದಲಾಯಿಸುವ ಮೊದಲು ಆ ರಿಬ್ ಕೌಲ್ ತೆಗೆದುಕೊಂಡು ಎರಡು ಕಡೆ ಅಳೆಯಿರಿ. ನಡುಭಾಗವನ್ನು ಎರಡೂ ಕೈಯಿಂದ ಆರಾಮಾಗಿ ಹಿಗ್ಗುವಷ್ಟು ಎಳೆದು ಹಿಡಿದರೆ ಸುತ್ತಳತೆ ಎಷ್ಟು? ಸ್ಟಿಚ್ ಹಾಕಿ ಶುರು ಮಾಡಿದಿರಲ್ಲ, ಆ ಅಂಚನ್ನು ಎಳೆದರೆ ಎಷ್ಟು? ಎರಡನ್ನೂ ಬೇರೆ ಬೇರೆ ಬರೆಯಿರಿ. ಮುಚ್ಚಿದ ಅಂಚನ್ನೂ ಒಮ್ಮೆ ನೋಡಿಬಿಡಿ.

ಇದನ್ನು ಕೇಳಲು ಕಾರಣ ಇದೆ. ಟೋಪಿಗೆ ತಲೆಯ ಅಳತೆ ಒಂದೇ ಸಾಕು. ಮಫ್ಲರ್‌ಗೆ ಯಾವ ಅಳತೆಯೂ ಬೇಡ. ಕೌಲ್‌ಗೆ ಎರಡು ಅಳತೆ, ಅವೆರಡಕ್ಕೂ ಹೊಂದಾಣಿಕೆಯೇ ಇಲ್ಲ. ದಾಟಬೇಕಾದದ್ದು 56, ಕೂರಬೇಕಾದದ್ದು 34. ನಡುವಿನ ಸಂಖ್ಯೆ ಹಿಡಿದರೆ ತಲೆಗೆ ಬಿಗಿ, ಕತ್ತಿಗೆ ಸಡಿಲ, ಎರಡೂ ಕೆಟ್ಟಿತು. ಸುಮ್ನೆ ಇದ್ದಾಗ ಕತ್ತಿನಷ್ಟು ಇರಬೇಕು, ಎಳೆದಾಗ ತಲೆಯಷ್ಟು ಆಗಬೇಕು. ರಿಬ್ ಇರೋದೇ ಅದಕ್ಕೆ. ಉಲ್ಟಾ ಸ್ಟಿಚ್‌ಗಳು ಹಿಂದಕ್ಕೆ ಸರಿಯುತ್ತವೆ, ಸೀದಾ ಸ್ಟಿಚ್‌ಗಳು ಮುಂದೆ ಬಂದು ಒಂದಕ್ಕೊಂದು ಹತ್ತಿರ ಆಗುತ್ತವೆ, ಬಟ್ಟೆ ಅಡ್ಡಕ್ಕೆ ಕುಗ್ಗಿಕೊಳ್ಳುತ್ತದೆ. ಎಳೆದರೆ ಮಡಿಕೆ ಬಿಚ್ಚಿಕೊಂಡ ಹಾಗೆ ಅಗಲವಾಗುತ್ತದೆ. ಇಷ್ಟು ಹಿಗ್ಗುವ ಬಟ್ಟೆಯನ್ನು ಹಿಡಿದು ನಿಲ್ಲಿಸುವುದು ಯಾವುದು ಗೊತ್ತಾ? ಅಂಚಿನ ದಾರ. ಅದಕ್ಕೇ ಅಳೆಯಿರಿ ಅಂದೆ.

ಇನ್ನು ಮೊದಲನೆಯದು 62 ಹೇಗಾಯಿತು ಅಂತ. ನಿಮ್ಮ ಸ್ಯಾಂಪಲ್ ತುಂಡನ್ನು ತೊಳೆದು ಅಳೆದಿರಾ, ಇಲ್ಲ ಕಡ್ಡಿಯಿಂದ ತೆಗೆದ ಹಾಗೇ ಅಳೆದಿರಾ? ತೊಳೆದಿಲ್ಲ ಅಂತ ಕಾಣುತ್ತದೆ. 124 ಸ್ಟಿಚ್ 62 ಸೆಂ.ಮೀ. ಅಂದರೆ 10 ಸೆಂ.ಮೀ.ಗೆ 20. ಲೇಬಲ್ ಹೇಳಿದ 22 ಅಲ್ಲ. 10 ಸೆಂ.ಮೀ.ನಲ್ಲಿ ಎರಡೇ ಎರಡು ಸ್ಟಿಚ್ ವ್ಯತ್ಯಾಸ, ಪೂರ್ತಿ ಸುತ್ತಿಗೆ ಬಂದಾಗ ಆರು ಸೆಂ.ಮೀ. ಹತ್ತಿರ. ಸೂಪರ್‌ವಾಷ್ ದಾರದ ಗುಣವೇ ಇದು. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಪೊರೆಗಳಿರುತ್ತವೆ, ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮೆಷಿನ್‌ನಲ್ಲಿ ಒಗೆದರೂ ಗಂಟುಗಟ್ಟಿ ಕುಗ್ಗಬಾರದು ಅಂತ ಆ ಪೊರೆಗಳನ್ನು ಸವೆಸುತ್ತಾರೆ ಅಥವಾ ಅವುಗಳ ಮೇಲೆ ಲೇಪ ಕೊಡುತ್ತಾರೆ. ಆಗ ಹಿಡಿತ ಹೋಗುತ್ತದೆ. ನೀರಿಗೆ ಹಾಕಿದ ಕೂಡಲೇ ಸ್ಟಿಚ್‌ಗಳು ಜಾರಿ ಮೈ ಬಿಡುತ್ತವೆ. ಹಾಗಾಗಿ ಸೂಪರ್‌ವಾಷ್‌ನಲ್ಲಿ ತೊಳೆಯದ ತುಂಡಿನ ಗೇಜ್ (10 ಸೆಂ.ಮೀ.ಗೆ ಎಷ್ಟು ಸ್ಟಿಚ್ ಅನ್ನುವ ಲೆಕ್ಕ) ಇಟ್ಟುಕೊಂಡು ಲೆಕ್ಕ ಹಾಕಲೇಬಾರದು.

ಲೇಬಲ್ ಮೇಲಿನ ಅಂಕಿ ದಾರ ಮಾಡಿದವರ ಅಂದಾಜು ಅಷ್ಟೇ. ನಿಮ್ಮ ಕೈ ಅವರಿಗೇನು ಗೊತ್ತು?

---

ಉಲ್ಲನ್‌ಉಂಡೆ:

ತೊಳೆದಿರಲಿಲ್ಲ, ಸರಿಯಾಗಿ ಹಿಡಿದಿರಿ! ಆ ತುಂಡು ಇನ್ನೂ ಇತ್ತು, ಈಗ ನೆನೆಸಿ ಒಣಗಿಸಿ ನೋಡಿದೆ. 20ಕ್ಕೂ 21ಕ್ಕೂ ನಡುವೆ ಬರುತ್ತಿದೆ.

ರಿಬ್ ಕೌಲ್‌ನ ನಡುಭಾಗ ಎಳೆದರೆ 60 ಸೆಂ.ಮೀ. ಶುರುವಿನ ಅಂಚು ಎಷ್ಟು ಎಳೆದರೂ 51ಕ್ಕೆ ನಿಲ್ಲುತ್ತದೆ. ಇನ್ನೂ ಎಳೆದರೆ ದಾರ ಕಿತ್ತು ಬರುತ್ತದೇನೋ ಅನಿಸುತ್ತದೆ. ಮುಚ್ಚಿದ ಅಂಚು 58 ತನಕ ಬರುತ್ತದೆ.

ಆದರೆ ಒಂದು ಮಾತು ಅರ್ಥವಾಗುತ್ತಿಲ್ಲ. ಅಂಚು ಬಿಗಿಯಾಗಬಾರದು ಅಂತಲೇ ಎರಡು ಕಡ್ಡಿ ಜೋಡಿಸಿ ಹಿಡಿದು ಸ್ಟಿಚ್ ಹಾಕಿದ್ದೆ. ಎಲ್ಲ ಕಡೆ ಹಾಗೇ ಹೇಳುತ್ತಾರೆ ಅಲ್ವಾ? ಮತ್ತೆ ಯಾಕೆ ಬಿಗಿ?

---

ನೂಲೆಳೆ:

ಆ ಸಲಹೆ ಎಲ್ಲ ಕಡೆ ಇದೆ, ನನಗೆ ಅದರ ಮೇಲೆ ನಂಬಿಕೆ ಇಲ್ಲ. ನೀವೇ ನೋಡಿ. ನಿಮ್ಮ ಅಂಚನ್ನು ಬೆಳಕಿಗೆ ಹಿಡಿದು, ಎಳೆದು, ಹತ್ತಿರದಿಂದ ಗಮನಿಸಿ. ಮೊದಲ ಸುತ್ತಿನ ಕುಣಿಕೆಗಳು ಉದ್ದುದ್ದ, ಸಡಿಲವಾಗಿ ನಿಂತಿರುತ್ತವೆ. ಅವುಗಳ ಕೆಳಗೆ, ಒಂದು ಸ್ಟಿಚ್‌ನಿಂದ ಇನ್ನೊಂದಕ್ಕೆ ಹೋಗುವ ದಾರ ಮಾತ್ರ ವೀಣೆ ತಂತಿಯಂತೆ ಬಿಗಿದಿರುತ್ತದೆ. ದಪ್ಪ ಕಡ್ಡಿಯಿಂದ ಸಡಿಲವಾಗುವುದು ಮೇಲಿನ ಕುಣಿಕೆ. ಅಂಚು ಹಿಗ್ಗಬೇಕಾದರೆ ಎರಡು ಸ್ಟಿಚ್‌ಗಳ ಮಧ್ಯದ ದಾರ ಉದ್ದ ಇರಬೇಕು. ಅದಕ್ಕೂ ಕಡ್ಡಿಯ ದಪ್ಪಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಏನು ಮಾಡಬೇಕು? ನಿಮ್ಮ 4 ಎಂ.ಎಂ. ಕಡ್ಡಿಯನ್ನೇ ಒಂಟಿಯಾಗಿ ಹಿಡಿಯಿರಿ. ಪ್ರತಿ ಸ್ಟಿಚ್ ಹಾಕಿದ ಮೇಲೆ ಬಲಗೈ ತೋರುಬೆರಳಿನ ತುದಿಯನ್ನು ಅದರ ಪಕ್ಕದಲ್ಲೇ ಕಡ್ಡಿ ಮೇಲೆ ಒತ್ತಿ ಹಿಡಿಯಿರಿ. ಮುಂದಿನ ಸ್ಟಿಚ್ ಆ ಬೆರಳಿನ ಈಚೆಗೆ ಬಂದು ಕೂರಲಿ. ಬೆರಳು ತೆಗೆದರೆ ಮಧ್ಯೆ ಮೂರ್ನಾಲ್ಕು ಮಿ.ಮೀ. ಜಾಗ ಉಳಿದಿರುತ್ತದೆ. ಅಷ್ಟೇ ಸಾಕು. ಕಡ್ಡಿ ಮೇಲೆ ವಿರಳವಾಗಿ, ನೋಡಲು ಅಸಡ್ಡೆಯಾಗಿ ಕಾಣುತ್ತದೆ. ಎರಡು ಸುತ್ತು ಹೆಣೆದ ಮೇಲೆ ಗೊತ್ತೇ ಆಗುವುದಿಲ್ಲ. ಜರ್ಮನ್ ಟ್ವಿಸ್ಟೆಡ್ ಅಂತ ಒಂದು ಬಗೆ ಇದೆ, ಉದ್ದ ತುದಿ ಬಿಟ್ಟು ಸ್ಟಿಚ್ ಹಾಕುವ ಮಾಮೂಲಿ ಲಾಂಗ್ ಟೇಲ್‌ಗೆ ಒಂದು ಸುತ್ತು ಜಾಸ್ತಿ ಕೊಟ್ಟು ಹಾಕುವುದು. ಅದು ಇನ್ನೂ ಚೆನ್ನಾಗಿ ಹಿಗ್ಗುತ್ತದೆ. ಕೈಗೆ ಕೂರಲು ಸ್ವಲ್ಪ ಹೊತ್ತು ಬೇಕು.

ಆದರೆ ನೀವು ಹೊಸದಾಗಿ ಶುರು ಮಾಡಬೇಕಿಲ್ಲ. ನಡುಭಾಗ 60 ಬರುತ್ತಿದೆ ಅಂದರೆ 100 ಸ್ಟಿಚ್ ಸರಿಯಾದ ಸಂಖ್ಯೆ, 4ರಿಂದ ಭಾಗವೂ ಹೋಗುತ್ತದೆ. ಕೆಟ್ಟಿರುವುದು ಒಂದು ಅಂಚು ಮಾತ್ರ. ಅದೊಂದನ್ನೇ ಕತ್ತರಿಸಿ ತೆಗೆದುಬಿಡಿ.

ಗಾಬರಿ ಬೇಡ, ಕೇಳಿ. ಸಣ್ಣ ಸರ್ಕ್ಯುಲರ್ ಕಡ್ಡಿ ಒಂದಿದ್ದರೆ, 3 ಎಂ.ಎಂ. ಆದರೆ ಒಳ್ಳೆಯದು, ಅದನ್ನು ಅಂಚಿನಿಂದ ಎರಡನೇ ಸುತ್ತಿನೊಳಗೆ ತೂರಿಸುತ್ತಾ ಹೋಗಿ. ಪ್ರತಿ ಸ್ಟಿಚ್‌ನ ಬಲಗಾಲನ್ನು ಎತ್ತಿಕೊಳ್ಳಿ. ಸೀದಾ ಕಂಬಗಳಲ್ಲಿ (ಒಂದರ ಮೇಲೊಂದು ಸೀದಾ ಸ್ಟಿಚ್ ನಿಂತ ಸಾಲುಗಳಲ್ಲಿ) ಇದು ಸುಲಭ, 'ವಿ' ಆಕಾರ ಕಣ್ಣಿಗೆ ಕಾಣುತ್ತದೆ. ಉಲ್ಟಾ ಕಂಬಗಳು ಒಳಗೆ ಅಡಗಿರುತ್ತವೆ. ಬೆರಳಿನಿಂದ ರಿಬ್ ಅಗಲಿಸಿ ಹುಡುಕಬೇಕು, ಅಥವಾ ಬಟ್ಟೆಯ ಹಿಂಬದಿಯಿಂದ ನೋಡಿದರೆ ಅವೂ 'ವಿ' ಥರವೇ ಕಾಣುತ್ತವೆ. ಪೂರ್ತಿ ಸುತ್ತಿ ಬಂದ ಮೇಲೆ ಎಣಿಸಿ. 100 ಇರಲೇಬೇಕು. 99 ಬಂದರೆ ಕತ್ತರಿ ಮುಟ್ಟಬೇಡಿ, ತಪ್ಪಿದ್ದನ್ನು ಹುಡುಕಿ. ಒಂದೇ ಸಾಲಿನಲ್ಲಿ ಹೋಗಿದ್ದೀರಾ, ಮಧ್ಯದಲ್ಲಿ ಒಂದು ಸುತ್ತು ಮೇಲೆ ಹತ್ತಿದ್ದೀರಾ ಅಂತಲೂ ನೋಡಿಕೊಳ್ಳಿ.

ಎಣಿಕೆ ಸರಿ ಇದ್ದರೆ, ಕಡ್ಡಿಯ ಕೆಳಗಿನ ಸುತ್ತಿನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ಒಂದೇ ಒಂದು ಕುಣಿಕೆ ಕತ್ತರಿಸಿ. ಆ ದಾರದ ತುದಿಯನ್ನು ದಪ್ಪ ಸೂಜಿಯಿಂದ ಒಂದೊಂದೇ ಸ್ಟಿಚ್‌ನಿಂದ ಎಳೆದು ಬಿಡಿಸುತ್ತಾ ಹೋಗಿ. ಹಳೇ ಅಂಚು ಪಟ್ಟಿಯಾಗಿ ಕಳಚಿ ಬೀಳುತ್ತದೆ. ಕಡ್ಡಿ ಮೇಲೆ 100 ಸ್ಟಿಚ್ ಜೀವಂತ ಉಳಿಯುತ್ತವೆ. ಇದು ಬೇಸರದ ಕೆಲಸ, ಟೀವಿ ನೋಡುತ್ತಾ ಮಾಡಬೇಡಿ. ಆದರೆ ಇಡೀ ಕೌಲ್ ಬಿಚ್ಚಿ ಹೆಣೆಯುವುದಕ್ಕೆ ಹೋಲಿಸಿದರೆ ಏನೂ ಅಲ್ಲ.

ಈಗ ಅದನ್ನು ಹಿಗ್ಗುವ ಹಾಗೆ ಮುಚ್ಚಿ. ನನಗೆ ಇಷ್ಟವಾದ ವಿಧಾನ: ಎರಡು ಸ್ಟಿಚ್‌ಗಳನ್ನು ಹಿಂಬದಿಯಿಂದ ಸೇರಿಸಿ ಸೀದಾ ಹೆಣೆಯುವುದು, ಬಂದ ಒಂದನ್ನು ಎಡಗಡೆಯ ಕಡ್ಡಿಗೆ ವಾಪಸ್ ಹಾಕುವುದು, ಮತ್ತೆ ಎರಡು ಸೇರಿಸುವುದು. ಹೀಗೇ ಕೊನೆಯ ತನಕ. ಬಲಗೈಗೆ 5 ಎಂ.ಎಂ. ಕಡ್ಡಿ ಹಿಡಿಯಿರಿ. ಹತ್ತು ಹದಿನೈದು ಸ್ಟಿಚ್‌ಗೊಮ್ಮೆ ಅಂಚು ಎಳೆದು ನೋಡುತ್ತಿರಿ. ನಡುಭಾಗದಷ್ಟೇ ಹಿಗ್ಗಬೇಕು. ದಾರ ಮೂರು ಮೀಟರ್ ಇಟ್ಟುಕೊಂಡರೆ ನಿಶ್ಚಿಂತೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಶುರುವಿನ ತುದಿಯಿಂದ ಎತ್ತಿಕೊಂಡ ಸ್ಟಿಚ್‌ಗಳು ಮೇಲಿನ ಕಂಬಕ್ಕೆ ಅರ್ಧ ಸ್ಟಿಚ್ ಪಕ್ಕಕ್ಕೆ ಇರುತ್ತವೆ. ಅಲ್ಲಿಂದ ಕೆಳಕ್ಕೆ ರಿಬ್ ಮುಂದುವರಿಸಿದರೆ ಕಂಬಗಳು ಮುರಿದ ಹಾಗೆ ಕಾಣುತ್ತವೆ. ಹಾಗಾಗಿ ಹೆಣೆಯಲು ಹೋಗಬೇಡಿ, ನೇರ ಮುಚ್ಚಿ.

---

ಗಂಟುಬಿಡಿಸಿ:

ನೂಲೆಳೆಯವರ ವಿಧಾನ ಸರಿ. ಆದರೆ ಕತ್ತರಿ ಅಂದರೆ ನನ್ನಂಥವರ ಕೈ ನಡುಗುತ್ತದೆ, ಅದಕ್ಕೇ ಇನ್ನೊಂದು ದಾರಿ ಹೇಳುತ್ತೇನೆ. ಮುಂದಿನ ಸಲ ಕೆಳಗಡೆಯಿಂದ, ಅಂದರೆ ಭುಜದ ಕಡೆಯಿಂದ ಶುರು ಮಾಡಿ. ಕಡ್ಡಿಯ ನಂಬರ್ ಬದಲಾಯಿಸುತ್ತಾ ಹೋಗಿ, ಸ್ಟಿಚ್ ಸಂಖ್ಯೆ ಅದೇ ಇರಲಿ. ಕೆಳಗಿನ ಮೂರನೇ ಒಂದು ಭಾಗ 4.5, ನಡುವೆ 4, ಗಲ್ಲದ ಹತ್ತಿರ 3.75 ಅಥವಾ 3.5. ಹೆಚ್ಚಿಸುವುದು ಇಳಿಸುವುದು ಏನೂ ಇಲ್ಲದೆ ಕೊಳವೆ ಮೇಲಕ್ಕೆ ಹೋಗುತ್ತಾ ಕಿರಿದಾಗುತ್ತದೆ. ಕೆಳಗಿನ ಅಗಲದ ಭಾಗ ಜಾಕೆಟ್ ಕಾಲರ್ ಒಳಗೆ ಹರಡಿಕೊಂಡು ಕೂರುತ್ತದೆ, ಸ್ಕೂಟರ್ ಮೇಲೆ ಗಾಳಿ ಎದ್ದು ಬರುವುದು ಅಲ್ಲಿಂದಲೇ. ಕಡ್ಡಿಜೋಡಿಯವರ ಸಣ್ಣ ಕಡ್ಡಿ ಸಲಹೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಪೂರ್ತಿ ಸಣ್ಣ ಕಡ್ಡಿ ಅಲ್ಲ, ಬೇಕಾದ ಕಡೆ ಮಾತ್ರ.

ಎತ್ತರದ ಬಗ್ಗೆ ಯಾರೂ ಮಾತಾಡಲಿಲ್ಲ. ಹೆಲ್ಮೆಟ್ ಹಾಕುವವರಿಗೆ ಅದೂ ಮುಖ್ಯ. 20 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಗಲ್ಲಕ್ಕೆ ಮುಟ್ಟುವುದಿಲ್ಲ. 30 ದಾಟಿದರೆ ಹೆಲ್ಮೆಟ್ ಬೆಲ್ಟ್ ಕೆಳಗೆ ಮುದ್ದೆಯಾಗಿ ಸೇರಿಕೊಳ್ಳುತ್ತದೆ. ಹಾಕಿಕೊಂಡಾಗ ರಿಬ್ ಅಡ್ಡಕ್ಕೆ ಹಿಗ್ಗಿ ಎತ್ತರದಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಕ್ಕನಿಗೆ ಹೆಲ್ಮೆಟ್ ಸಮೇತ ಹಾಕಿಸಿ ನೋಡಿ.

ಹೆಣೆಯುತ್ತಾ ಇರುವಾಗಲೇ ಹಾಕಿ ನೋಡಬೇಕು ಅಂದರೆ ಕಡ್ಡಿ ಮೇಲಿಟ್ಟು ಅಳೆಯಬೇಡಿ. 40 ಸೆಂ.ಮೀ. ಕಡ್ಡಿ ಮೇಲಿರುವ ಬಟ್ಟೆ 40 ಸೆಂ.ಮೀ. ಅಂತಲೇ ತೋರಿಸುತ್ತದೆ. ಎಲ್ಲ ಸ್ಟಿಚ್‌ಗಳನ್ನೂ ಒಂದು ಮೀಟರ್ ಉದ್ದದ ಬೇರೆ ಬಣ್ಣದ ನುಣುಪು ದಾರಕ್ಕೆ ಸೂಜಿಯಿಂದ ದಾಟಿಸಿ, ಗಂಟು ಹಾಕಿ, ಆಮೇಲೆ ತಲೆಗೆ ಹಾಕಿ ನೋಡಿ.

---

ಕಡ್ಡಿಜೋಡಿ:

ನನ್ನ ಸಲಹೆಗೆ ಅರ್ಧ ಮಾರ್ಕ್ ಸಿಕ್ಕಿತು, ಸಾಕು. ಒಂದು ಸಂದೇಹ: ಸ್ಯಾಂಪಲ್ ತುಂಡನ್ನು ಸಾಲು ಸಾಲಾಗಿ ಹೆಣೆದು, ಕೌಲ್ ಸುತ್ತಾಗಿ ಹೆಣೆದರೆ ಗೇಜ್ ಒಂದೇ ಬರುತ್ತಾ? ನನಗಂತೂ ಬರುವುದಿಲ್ಲ.

---

ಗಂಟುಬಿಡಿಸಿ:

ತುಂಬಾ ಜನರಿಗೆ ಬರುವುದಿಲ್ಲ. ಸಾಲಾಗಿ ಹೆಣೆದರೆ ಒಂದು ಸಾಲು ಸೀದಾ, ವಾಪಸ್ ಬರುವಾಗ ಒಂದು ಸಾಲು ಉಲ್ಟಾ. ಸುತ್ತಾಗಿ ಹೆಣೆದರೆ ಬರೀ ಸೀದಾ. ಉಲ್ಟಾ ಹೆಣೆಯುವಾಗ ಹಲವರ ಕೈ ಸ್ವಲ್ಪ ಸಡಿಲ. ಅದಕ್ಕೊಂದು ಉಪಾಯ ಇದೆ. ಸರ್ಕ್ಯುಲರ್ ಕಡ್ಡಿ ಮೇಲೆ 30-40 ಸ್ಟಿಚ್ ಹಾಕಿ ಒಂದು ಸಾಲು ಸೀದಾ ಹೆಣೆಯಿರಿ. ತಿರುಗಿಸಬೇಡಿ. ಸ್ಟಿಚ್‌ಗಳನ್ನು ಕಡ್ಡಿಯ ಇನ್ನೊಂದು ತುದಿಗೆ ತಳ್ಳಿ, ದಾರವನ್ನು ಹಿಂದುಗಡೆ ಸಡಿಲವಾಗಿ ತಂದು ಮತ್ತೆ ಸೀದಾ. ಹಿಂದೆ ಉದ್ದುದ್ದ ದಾರ ಜೋತಾಡುತ್ತದೆ, ನೋಡಲು ಅಧ್ವಾನ. ಅಳತೆಗೆ ಮಾತ್ರ ಪಕ್ಕಾ. ಅಳೆಯುವಾಗ ಎರಡು ಬದಿಯ ಕೆಲವು ಸ್ಟಿಚ್ ಬಿಟ್ಟು ನಡುವಿನ 10 ಸೆಂ.ಮೀ. ಎಣಿಸಿ. ರಿಬ್‌ನಲ್ಲಿ ಹೆಣೆಯುವುದಾದರೆ ಸ್ಯಾಂಪಲ್ಲೂ ರಿಬ್‌ನಲ್ಲೇ ಇರಲಿ. ಸುಮ್ನೆ ಬಿಟ್ಟಾಗ ಒಂದು ಅಳತೆ, ಎಳೆದಾಗ ಒಂದು ಅಳತೆ.

---

ಉಲ್ಲನ್‌ಉಂಡೆ:

ಕತ್ತರಿಸಿದೆ! ಎಣಿಕೆ ಮೊದಲು 98 ಬಂತು, ಎರಡೂ ಉಲ್ಟಾ ಕಂಬಗಳಲ್ಲೇ ತಪ್ಪಿದ್ದವು. ಹಿಂಬದಿಯಿಂದ ನೋಡಿ ಅಂತ ಹೇಳಿದ್ದಕ್ಕೆ ಸಿಕ್ಕಿದವು. ಹಳೇ ಅಂಚು ಕಳಚಿದ ತಕ್ಷಣ ಬಟ್ಟೆ ಉಸಿರು ಬಿಟ್ಟ ಹಾಗೆ ಅಗಲವಾಯಿತು, ಅದನ್ನು ನೋಡುವುದೇ ಒಂದು ಖುಷಿ. ಈಗ ಆ ಅಂಚು ಆರಾಮಾಗಿ 60 ತನಕ ಹೋಗುತ್ತದೆ. ಅಕ್ಕ ಕನ್ನಡಕ ತೆಗೆಯದೆ ಹಾಕಿಕೊಂಡಳು, ಜುಟ್ಟೂ ಹಾಗೇ ಇತ್ತು. ಎತ್ತರ 24 ಸೆಂ.ಮೀ., ಹೆಲ್ಮೆಟ್‌ಗೆ ಅಡ್ಡಿ ಇಲ್ಲ.

ಒಂದೇ ಕೊರತೆ. ಹೊಸ ಅಂಚು ಸ್ವಲ್ಪ ಅಲೆ ಅಲೆಯಾಗಿ ಹೊರಕ್ಕೆ ಬಾಗುತ್ತಿದೆ, ಲಂಗದ ನೆರಿಗೆ ಥರ. ಸದ್ಯಕ್ಕೆ ಅದನ್ನು ಕೆಳಗಡೆ ಮಾಡಿ ಜಾಕೆಟ್ ಒಳಗೆ ಸೇರಿಸಿಕೊಳ್ಳುತ್ತಾಳೆ. ಮತ್ತೆ ಆ 62 ಸೆಂ.ಮೀ.ನ ಸೀದಾ ಕೌಲ್ ಬಿಚ್ಚಿ, ಗಂಟುಬಿಡಿಸಿಯವರು ಹೇಳಿದ ಹಾಗೆ ಮೂರು ಕಡ್ಡಿಯಲ್ಲಿ ಇನ್ನೊಂದು ಹೆಣೆಯೋಣ ಅಂತ ಇದ್ದೇನೆ. ಆ ದಾರ ಈಗಾಗಲೇ ತೊಳೆದದ್ದು, ನೇರ ಹೆಣೆಯಬಹುದಾ?

---

ನೂಲೆಳೆ:

ಅಲೆ ಬರುತ್ತಿದ್ದರೆ 5 ಎಂ.ಎಂ. ನಿಮ್ಮ ಕೈಗೆ ಜಾಸ್ತಿ ಆಯಿತು ಅಂತ ಅರ್ಥ. ನಿಮ್ಮದು ಸಡಿಲ ಕೈ. ಬಿಚ್ಚಿ 4.5ರಲ್ಲಿ ಮುಚ್ಚಿದರೆ ಸರಿಯಾಗುತ್ತದೆ. ಅಥವಾ ಒಮ್ಮೆ ನೆನೆಸಿ, ರಿಬ್‌ಗಳನ್ನು ಬೆರಳಿನಿಂದ ಒಟ್ಟಿಗೆ ತಳ್ಳಿ ಕೂರಿಸಿ, ಮಲಗಿಸಿ ಒಣಗಿಸಿ. ಸ್ವಲ್ಪ ತಗ್ಗಬಹುದು. ಜಾಕೆಟ್ ಒಳಗೇ ಹೋಗುವುದಾದರೆ ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ.

ಬಿಚ್ಚಿದ ದಾರವನ್ನು ಹಾಗೇ ಹೆಣೆಯಬೇಡಿ. ಅದು ಸುರುಳಿ ಸುರುಳಿಯಾಗಿರುತ್ತದೆ, ಸ್ಟಿಚ್‌ಗಳು ಒಂದು ದೊಡ್ಡದು ಒಂದು ಸಣ್ಣದು ಬಂದು ಗೇಜ್ ಮತ್ತೆ ಸುಳ್ಳು ಹೇಳುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ. ನಾಲ್ಕು ಕಡೆ ಬೇರೆ ದಾರದಿಂದ ಸಡಿಲವಾಗಿ ಕಟ್ಟಿ, ಇಲ್ಲದಿದ್ದರೆ ನೀರಿನಲ್ಲಿ ಸಿಕ್ಕಾಗಿ ಇಡೀ ದಿನ ಅದನ್ನೇ ಬಿಡಿಸುತ್ತಾ ಕೂರಬೇಕು. ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ನೇತುಹಾಕಿ. ಕೆಳಗೆ ಭಾರ ಕಟ್ಟಬೇಡಿ, ಸೂಪರ್‌ವಾಷ್ ಉದ್ದಕ್ಕೆ ಎಳೆದುಕೊಂಡುಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಉಂಡೆ ಸುತ್ತಿ, ರಿಬ್‌ನಲ್ಲಿ ಹೊಸ ಸ್ಯಾಂಪಲ್ ಹಾಕಿ. 4.5ಕ್ಕೂ 3.5ಕ್ಕೂ ಬೇರೆ ಬೇರೆ ತುಂಡು ಬೇಕು.